ನಲವತ್ತು ಡಿಗ್ರಿಯ ಲೆಕ್ಕ

ಬ್ರೆಜಿಲ್‌ನ ದಕ್ಷಿಣದಲ್ಲಿ ಸಾಂತಾ ಕತರೀನಾ ಎಂಬ ರಾಜ್ಯವಿದೆ. ಅಲ್ಲಿನ ತುಬರಾಂವ್ ಪಟ್ಟಣದ ಒಂದು ಮನೆಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಗಳೂ ಹಾಲಿನ ರಟ್ಟಿನ ಡಬ್ಬಿಗಳೂ ರಾಶಿ ಬೀಳುತ್ತಿದ್ದವು. ಮನೆಯ ಯಜಮಾನ ಜೋಸೆ ಅಲ್ಸಿನೊ ಅಲಾನೊ ನಿವೃತ್ತ ಮೆಕ್ಯಾನಿಕ್. ಅವುಗಳನ್ನು ಕಸದ ಗುಂಡಿಗೆ ಎಸೆಯಲು ಗಂಡ ಹೆಂಡತಿ ಇಬ್ಬರಿಗೂ ಮನಸ್ಸಿಲ್ಲ, ಕೊಂಡುಹೋಗಿ ಮರುಬಳಕೆ ಮಾಡುವವರು ಊರಿನಲ್ಲಿಲ್ಲ. 2002ರಲ್ಲಿ ಅಲಾನೊ ಆ ರಾಶಿಯಿಂದ ನೂರು ಬಾಟಲಿ, ನೂರು ಡಬ್ಬಿ ಆರಿಸಿಕೊಂಡರು. ಕೆಲವು ಪಿವಿಸಿ ಪೈಪುಗಳನ್ನು ಸೇರಿಸಿ ಮನೆಯ ಮಾಡಿನ ಮೇಲೆ ಒಂದು ಚೌಕಟ್ಟು ಮಲಗಿಸಿದರು. ಮನೆಮಂದಿಯ ಸ್ನಾನಕ್ಕೆ ಬಿಸಿನೀರು ಬಂತು.

ಇದು ಕಸದಿಂದ ರಸ ತೆಗೆಯುವ ಕೈಚಳಕದ ಕಥೆ ಎಂದುಕೊಂಡು ಪುಟ ತಿರುಗಿಸುವಂತಿಲ್ಲ. ಆ ಚೌಕಟ್ಟಿನಲ್ಲಿ ಎರಡೂವರೆ ಶತಮಾನದ ಭೌತವಿಜ್ಞಾನ ಕೂತಿದೆ. ಅದಕ್ಕಿಂತ ಮುಖ್ಯವಾಗಿ, ಎಷ್ಟು ಬಿಸಿ ಸಾಕು ಎಂಬ ಪ್ರಶ್ನೆಗೆ ಒಂದು ಖಚಿತ ಉತ್ತರವಿದೆ.

ಆ ಕಾಲದ ಬ್ರೆಜಿಲ್‌ನ ಸ್ಥಿತಿ ಗೊತ್ತಿದ್ದರೆ ಅಲಾನೊ ಮಾಡಿದ್ದರ ಬೆಲೆ ತಿಳಿಯುತ್ತದೆ. ಅಲ್ಲಿನ ಸಾಮಾನ್ಯ ಮನೆಯ ಬಚ್ಚಲಿನಲ್ಲಿ ಗೀಸರ್ ಇರುವುದಿಲ್ಲ. ಶವರಿನ ತಲೆಯೊಳಗೇ ವಿದ್ಯುತ್ ಕಾಯಿಲ್ ಇರುತ್ತದೆ, ನೀರು ಹರಿಯುತ್ತಿದ್ದಂತೆಯೇ ಕಾಯುತ್ತದೆ. ಹರಿಯುವ ನೀರನ್ನು ಕ್ಷಣದಲ್ಲಿ ಕಾಯಿಸಬೇಕಾದ್ದರಿಂದ ಅದಕ್ಕೆ 5,500 ವ್ಯಾಟ್‌ನಷ್ಟು ವಿದ್ಯುತ್ ಬೇಕು. ನಮ್ಮ ಮನೆಗಳ ಗೀಸರಿಗೆ 2,000 ವ್ಯಾಟ್ ಆದರೆ ಆಯಿತು. ಕೆಲಸ ಮುಗಿಸಿ ಮನೆಗೆ ಬಂದ ಇಡೀ ದೇಶ ಸಂಜೆ ಒಂದೇ ಹೊತ್ತಿಗೆ ಶವರಿನಡಿ ನಿಲ್ಲುತ್ತದೆ. ಆಗ ವಿದ್ಯುತ್ತಿನ ಬಹುಪಾಲು ಅಣೆಕಟ್ಟುಗಳಿಂದ ಬರುತ್ತಿತ್ತು. 2001ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ಬತ್ತಿದಾಗ ಸರ್ಕಾರ ಆ ವರ್ಷದ ಜೂನ್‌ನಿಂದ ವಿದ್ಯುತ್ ಪಡಿತರವನ್ನೇ ಜಾರಿಗೆ ತಂದು, ಮನೆಗಳು ಬಳಕೆಯನ್ನು ಶೇಕಡ 20ರಷ್ಟು ಇಳಿಸಬೇಕೆಂದಿತು. ಪಡಿತರ ಮುಗಿದದ್ದು 2002ರಲ್ಲಿ. ಅಲಾನೊ ಬಾಟಲಿ ಕತ್ತರಿಸಲು ಕೂತದ್ದೂ ಅದೇ ವರ್ಷ.

ಅವರ ಪ್ಯಾನೆಲನ್ನು ಹತ್ತಿರದಿಂದ ನೋಡೋಣ. ಎರಡು ಲೀಟರಿನ ಪಾರದರ್ಶಕ ಬಾಟಲಿ ಬೇಕು. ಹಸಿರು ಬಣ್ಣದ್ದು ಆಗದು. ಅದರ ತಳವನ್ನು ನೇರವಾಗಿ ಕತ್ತರಿಸಿ ತೆಗೆಯಬೇಕು. ಹಾಲಿನ ಡಬ್ಬಿಯನ್ನು ತೊಳೆದು, ಬಿಡಿಸಿ, ಬಾಟಲಿಯೊಳಗೆ ಹಿಡಿಸುವಂತೆ ಮಡಿಸಿ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಬೇಕು. ಹೊಳೆಯುವ ಕಪ್ಪಾದರೆ ಬೆಳಕಿನ ಒಂದು ಪಾಲು ಪ್ರತಿಫಲಿಸಿ ಹೊರಟುಹೋಗುತ್ತದೆ. ಸುಮಾರು ಒಂದು ಮೀಟರ್ ಉದ್ದದ ಸಣ್ಣ ಪಿವಿಸಿ ಪೈಪಿಗೂ ಅದೇ ಕಪ್ಪು. ಆ ಪೈಪಿಗೆ ಬಾಟಲಿಗಳನ್ನು ಒಂದರ ಬಾಯಿ ಇನ್ನೊಂದರ ಕತ್ತರಿಸಿದ ತಳದೊಳಗೆ ಕೂರುವಂತೆ ಪೋಣಿಸಬೇಕು, ಒಂದು ಸಾಲಿಗೆ ಐದು. ಪ್ರತಿ ಬಾಟಲಿಯೊಳಗೆ, ಪೈಪಿನ ಹಿಂಬದಿಗೆ ಒಂದೊಂದು ಕಪ್ಪು ರಟ್ಟು. ತುದಿಯ ಬಾಟಲಿಯ ಸಂದಿನಲ್ಲಿ ಗಾಳಿಯಾಡದಂತೆ ಟೇಪೋ ರಬ್ಬರ್ ಪಟ್ಟಿಯೋ ಸುತ್ತಿದರೆ ಒಂದು ಸಾಲು ಮುಗಿಯಿತು. ಇಂಥ ಸಾಲುಗಳನ್ನು ಪಕ್ಕಪಕ್ಕದಲ್ಲಿಟ್ಟು, ಮೇಲೊಂದು ಕೆಳಗೊಂದು ಅಡ್ಡ ಪೈಪಿಗೆ ‘ಟಿ’ ಹಾಕಿ ಜೋಡಿಸಿದರೆ ಪ್ಯಾನೆಲ್ ಸಿದ್ಧ. ನಾಲ್ವರ ಸಂಸಾರಕ್ಕೆ ಇನ್ನೂರಕ್ಕೂ ಮೇಲೆ ಬಾಟಲಿ ಬೇಕಾಗುತ್ತವೆ. ಕೂಡಿಡಲು ತಾಳ್ಮೆ ಬೇಕು, ಅಥವಾ ಪಕ್ಕದಲ್ಲೊಂದು ಮದುವೆ ಛತ್ರ.

ಇಲ್ಲಿ ಬಾಟಲಿಗೆ ಮಾಮೂಲಿ ಸೌರ ಪ್ಯಾನೆಲಿನ ಗಾಜಿನ ಕೆಲಸ, ರಟ್ಟಿಗೆ ಅದರ ಕಪ್ಪು ತಗಡಿನ ಕೆಲಸ. ಈ ಹಂಚಿಕೆ ಹೊಸದೇನಲ್ಲ.

ಜಿನೀವಾದ ವಿಜ್ಞಾನಿ ಹೊರೇಸ್ ಬೆನೆಡಿಕ್ಟ್ ದ ಸೊಸ್ಯೂರ್ 1767ರಲ್ಲಿ ಒಂದರೊಳಗೊಂದು ಗಾಜಿನ ಪೆಟ್ಟಿಗೆಗಳನ್ನಿಟ್ಟು ಬಿಸಿಲಿಗೆ ಹಿಡಿದಿದ್ದರು. ಗಾಡಿಯ ಕಿಟಕಿಗೆ ಗಾಜು ಹಾಕಿದಾಗ, ಕೋಣೆಗೆ ಗಾಜಿನ ಮೂಲಕ ಬಿಸಿಲು ಬಿದ್ದಾಗ ಒಳಗೆ ಬಿಸಿ ಹೆಚ್ಚುವುದು ಎಲ್ಲರಿಗೂ ಗೊತ್ತಿತ್ತು, ಅಳೆದವರು ಇರಲಿಲ್ಲ. ಮುಂದೆ ಅವರು ಒಳಗೆ ಕಪ್ಪು ಕಾರ್ಕ್ ಹಾಸಿದ, ಮೇಲೆ ಗಾಜಿನ ಪದರಗಳಿದ್ದ, ಶಾಖ ಸೋರದಂತೆ ಸುತ್ತ ಹೊದಿಕೆಯಿದ್ದ ಮರದ ಪೆಟ್ಟಿಗೆ ಮಾಡಿಸಿದರು. ಅದರೊಳಗಿನ ಉಷ್ಣತೆ ನೀರು ಕುದಿಯುವ ಮಟ್ಟವನ್ನು ದಾಟಿ ಸುಮಾರು 110 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಪೆಟ್ಟಿಗೆಯನ್ನು ಆಲ್ಪ್ಸ್‌ನ ಕ್ರಾಮೊಂ ಶಿಖರಕ್ಕೂ ಹೊತ್ತೊಯ್ದರು. ಮೇಲೆ ಗಾಳಿ ಕೊರೆಯುವಷ್ಟು ತಣ್ಣಗಿದ್ದರೂ ಪೆಟ್ಟಿಗೆಯ ಒಳಗಿನ ಬಿಸಿ ಬೆಟ್ಟದ ಬುಡದಲ್ಲಿ ಇದ್ದಷ್ಟೇ ಇತ್ತು. ಹೊರಗಿನ ಗಾಳಿ ಎಷ್ಟು ತಣ್ಣಗಿದೆ ಎಂಬುದಕ್ಕಿಂತ, ಒಳಗೆ ಬಂದ ಶಾಖವನ್ನು ಎಷ್ಟು ಚೆನ್ನಾಗಿ ಹಿಡಿದಿಟ್ಟಿದ್ದೇವೆ ಎಂಬುದೇ ಮುಖ್ಯ ಎನ್ನುವುದು ಅಲ್ಲಿಗೆ ಸ್ಪಷ್ಟವಾಯಿತು.

ಗಾಜಿನ ಗುಟ್ಟು ಇಷ್ಟೇ. ಬಿಸಿಲಿನ ಕಿರಣಗಳಲ್ಲಿ ಶೇಕಡ 85ರಿಂದ 90ರಷ್ಟನ್ನು ಅದು ಒಳಬಿಡುತ್ತದೆ. ಕಾದ ಕಪ್ಪು ತಗಡು ಹೊರಸೂಸುವುದು ಬೇರೆ ಜಾತಿಯ ಕಿರಣ, ಕಣ್ಣಿಗೆ ಕಾಣದ ಉದ್ದ ಅಲೆಯದು. ಅದಕ್ಕೆ ಗಾಜು ಗೋಡೆಯಿದ್ದಂತೆಯೇ. ಜೊತೆಗೆ ತಗಡಿನ ಮೇಲೆ ಗಾಳಿ ಬೀಸಿ ಬಿಸಿಯನ್ನು ಹೊತ್ತೊಯ್ಯುವುದನ್ನೂ ಗಾಜು ತಡೆಯುತ್ತದೆ. ಬಾಟಲಿಯ ಪೆಟ್ ಪ್ಲಾಸ್ಟಿಕ್ಕೂ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ.

ಇಷ್ಟಾದರೂ ಶಾಖ ಸೋರದೆ ಇರದು. ಎಷ್ಟು ಸೋರುತ್ತದೆ ಎಂಬುದು ಪ್ಯಾನೆಲಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ಒಂದೇ ಗಾಜಿನ, ಸಾಧಾರಣ ಕಪ್ಪು ಬಣ್ಣದ ಪ್ಯಾನೆಲಿನ ಒಂದು ಚದರ ಮೀಟರಿನಿಂದ, ಪ್ರತಿ ಒಂದು ಡಿಗ್ರಿ ಅಂತರಕ್ಕೆ ಸುಮಾರು 7 ವ್ಯಾಟ್ ಸೋರುತ್ತದೆ ಎಂದಿಟ್ಟುಕೊಳ್ಳಿ. ಹೊರಗೆ 25 ಡಿಗ್ರಿ ಇದ್ದು ಪ್ಯಾನೆಲ್ 40ರಲ್ಲಿದ್ದರೆ ನಷ್ಟ ಸುಮಾರು 105 ವ್ಯಾಟ್. ಅದೇ ಪ್ಯಾನೆಲ್ 70ರಲ್ಲಿ ಕೆಲಸ ಮಾಡಬೇಕಾದರೆ 315 ವ್ಯಾಟ್. ಮೋಡವಿಲ್ಲದ ನಡುಮಧ್ಯಾಹ್ನ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಸುಮಾರು 1,000 ವ್ಯಾಟ್. ನೀರು ಸುಡುವಷ್ಟು ಕಾಯಬೇಕು ಎಂದು ಹಟ ಹಿಡಿದಷ್ಟೂ ಬಿದ್ದ ಬಿಸಿಲಿನಲ್ಲಿ ಕೈಗೆ ಸಿಗುವ ಪಾಲು ಕಡಿಮೆಯಾಗುತ್ತ ಹೋಗುತ್ತದೆ.

ಸ್ನಾನಕ್ಕೆ ಬೇಕಾದ ನೀರು 40 ಡಿಗ್ರಿಯ ಆಸುಪಾಸಿನದು. 45 ದಾಟಿದರೆ ಮೈಗೆ ತಡೆಯಲಾಗದು. ಮಾರುಕಟ್ಟೆಯ ಹೀಟರುಗಳು 60 ಡಿಗ್ರಿಯವರೆಗೆ ಕಾಯಿಸುವುದಕ್ಕೆ ಕಾರಣವಿದೆ: ಆ ನೀರಿಗೆ ತಣ್ಣೀರು ಬೆರೆಸಿಕೊಳ್ಳಬಹುದಾದ್ದರಿಂದ ಚಿಕ್ಕ ಟ್ಯಾಂಕ್ ಸಾಕು, ಮರುದಿನ ಮೋಡ ಕವಿದರೂ ಸ್ವಲ್ಪ ಉಳಿದಿರುತ್ತದೆ. ಆದರೆ ಕೈಯಾರೆ ಪ್ಯಾನೆಲ್ ಕಟ್ಟುವವರು ಅದೇ 60ನ್ನು ಗುರಿಯಾಗಿಟ್ಟುಕೊಂಡ ಕೂಡಲೇ ಖರ್ಚು ಏರುತ್ತದೆ, ತಾಮ್ರ ಬೇಕಾಗುತ್ತದೆ, ಬೆಸುಗೆ ಬೇಕಾಗುತ್ತದೆ.

ಅಲಾನೊ ಆ ಗುರಿಯನ್ನೇ ಬದಲಿಸಿದರು. ಪಿವಿಸಿ ಪೈಪು 55 ಡಿಗ್ರಿಯ ಮೇಲೆ ಮೆತ್ತಗಾಗತೊಡಗುತ್ತದೆ. ಹಾಗಾಗಿ ನೀರು ಆ ಮಟ್ಟವನ್ನು ಮೀರದ ಹಾಗೆ ರಟ್ಟಿನ ಅಗಲವನ್ನು, ಬಾಟಲಿಯ ಸಂಖ್ಯೆಯನ್ನು ಹೊಂದಿಸಿಕೊಂಡರು. ಹೆಚ್ಚು ಕಾಯಬಾರದು ಎಂದೇ ರೂಪಿಸಿದ ಹೀಟರ್! ಕೇಳಲು ವಿಚಿತ್ರ, ಆದರೆ ಇಡೀ ವಿನ್ಯಾಸದ ಜಾಣತನ ಇರುವುದು ಇಲ್ಲೇ. ಸಾವ್ ಪಾವ್ಲೊ ನಗರದ ‘ಸೊಸಿಯೆದಾದೆ ದೊ ಸೊಲ್’ ಎಂಬ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಾಜನ್ನೇ ಕೈಬಿಟ್ಟಿತು. ಕಟ್ಟಡಗಳ ಒಳಮಾಡಿಗೆ ಹೊಡೆಯುವ ಟೊಳ್ಳು ಪಿವಿಸಿ ಹಲಗೆಗೆ ಕಪ್ಪು ಬಳಿದು, ಎರಡು ತುದಿಗೂ ಪೈಪು ಅಂಟಿಸಿ, ಹಾಗೆಯೇ ಬಿಸಿಲಿಗೆ ಮಲಗಿಸುವುದು ಅವರ ವಿಧಾನ. ಮೇಲೆ ಗಾಜು ಇಲ್ಲದ್ದರಿಂದ ನೀರು ನಿಂತುಹೋದ ದಿನವೂ ಹಲಗೆ ಕರಗುವಷ್ಟು ಕಾಯದು.

ಇನ್ನು ನೀರು ತಿರುಗುವ ಬಗೆ. ಪ್ಯಾನೆಲಿಗೂ ಅದರ ಮೇಲಿರುವ ನೀರಿನ ಟ್ಯಾಂಕಿಗೂ ನಡುವೆ ಪಂಪ್ ಇಲ್ಲ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 998 ಗ್ರಾಂ ತೂಗಿದರೆ 60 ಡಿಗ್ರಿಯದು 983 ಗ್ರಾಂ. ಕಾದ ನೀರು ಹಗುರಾಗಿ ಪ್ಯಾನೆಲಿನ ಮೇಲ್ತುದಿಯಿಂದ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣೀರು ಪ್ಯಾನೆಲಿನ ಕೆಳತುದಿಗೆ ಇಳಿಯುತ್ತದೆ. ಬಿಸಿಲಿರುವಷ್ಟು ಹೊತ್ತೂ ಈ ಸುತ್ತಾಟ ನಡೆಯುತ್ತದೆ. ಶಾಲೆಯ ಪುಸ್ತಕದಲ್ಲಿ ಇಷ್ಟು ಓದಿದವರು ಮಾಡಿನ ಮೇಲೆ ಹತ್ತಿ ಪೈಪು ಜೋಡಿಸಿದಾಗ ನೀರು ಕದಲದೆ ನಿಂತುಬಿಡುವುದುಂಟು. ಯಾಕೆ?

ಈ ಸುತ್ತಾಟ ನಡೆಸುವ ಒತ್ತಡ ಎಷ್ಟು ಅಲ್ಪವೆಂದು ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಒಂದು ಮೀಟರ್ ಎತ್ತರದ ಎರಡು ನೀರಿನ ಕಂಬಗಳು, ಒಂದು 20 ಡಿಗ್ರಿ, ಇನ್ನೊಂದು 60. ಅವುಗಳ ತೂಕದ ವ್ಯತ್ಯಾಸ 15 ಮಿಲಿಮೀಟರ್ ನೀರಿಗೆ ಸಮ. 25 ಮತ್ತು 45 ಡಿಗ್ರಿಯ ನಡುವೆ ದುಡಿಯುವ ಬಾಟಲಿ ಪ್ಯಾನೆಲಿನಲ್ಲಿ ಅದು ಸುಮಾರು 7 ಮಿಲಿಮೀಟರ್ ಮಾತ್ರ. ಐದು ಮೀಟರ್ ಮೇಲಿರುವ ಓವರ್‌ಹೆಡ್ ಟ್ಯಾಂಕ್ ನಲ್ಲಿಗೆ ಕೊಡುವ ಒತ್ತಡ 5,000 ಮಿಲಿಮೀಟರ್! ಕಿರುಬೆರಳಿನ ಅಗಲಕ್ಕೂ ಸಾಲದ ಈ ಒತ್ತಡದಿಂದಲೇ ದಿನವಿಡೀ ನೂರಾರು ಲೀಟರ್ ತಿರುಗಬೇಕು. ಪೈಪಿನಲ್ಲಿ ಒಂದು ಕಡೆ ಸ್ವಲ್ಪ ಉಬ್ಬು ಬಿದ್ದು ಅಲ್ಲಿ ಗಾಳಿಗುಳ್ಳೆ ಕೂತರೆ ಸಾಕು, ಹರಿವು ನಿಂತಿತು. ಪ್ಲಂಬರುಗಳು ಏರ್ ಲಾಕ್ ಎನ್ನುವುದು ಇದನ್ನೇ. ಹಾಗಾಗಿ ಬಿಸಿನೀರಿನ ಪೈಪು ಪ್ಯಾನೆಲಿನಿಂದ ಟ್ಯಾಂಕಿನವರೆಗೆ ಎಲ್ಲೂ ಇಳಿಯದೆ ಏರುತ್ತಲೇ ಹೋಗಬೇಕು. ಪ್ಯಾನೆಲನ್ನೂ ಒಂದು ಮೂಲೆ ಕೊಂಚ ಎತ್ತರವಿರುವಂತೆ ಕೂರಿಸಿ, ಆ ಮೂಲೆಯಿಂದ ಬಿಸಿನೀರು ಹೊರಡಿಸಬೇಕು. ಎಲ್ಬೋಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ಮನೆಯಲ್ಲಿ ಕಟ್ಟಿದ ಹೀಟರ್ ಕೈಕೊಟ್ಟಾಗ ಜನ ಬಿಸಿಲನ್ನೋ ಬಣ್ಣವನ್ನೋ ದೂರುತ್ತಾರೆ. ಮೊದಲು ರಸಮಟ್ಟ ಹಿಡಿದು ಪೈಪಿನ ಓಟ ನೋಡುವುದು ಮೇಲು.

ಟ್ಯಾಂಕಿನ ತಳ ಪ್ಯಾನೆಲಿನ ತಲೆಗಿಂತ ಒಂದಡಿಯಾದರೂ ಮೇಲಿರಬೇಕು ಎಂಬ ನಿಯಮಕ್ಕೂ ಇದೇ ಮೂಲ. ರಾತ್ರಿ ಆಕಾಶಕ್ಕೆ ತೆರೆದುಕೊಂಡ ಪ್ಯಾನೆಲ್ ಬೇಗ ತಣ್ಣಗಾಗುತ್ತದೆ. ಟ್ಯಾಂಕ್ ಅದರ ಮಟ್ಟದಲ್ಲೇ ಇದ್ದರೆ ಹಗಲಿನ ಸುತ್ತಾಟ ತಿರುಗುಮುರುಗಾಗಿ, ಕಾದ ನೀರು ಪ್ಯಾನೆಲಿಗೆ ಬಂದು ತಣ್ಣಗಾಗಿ ಹಿಂದಿರುಗುತ್ತದೆ. ಹಗಲೆಲ್ಲ ಗಳಿಸಿದ್ದನ್ನು ರಾತ್ರಿ ಆಕಾಶಕ್ಕೆ ಸುರಿದ ಹಾಗೆ.

ಟ್ಯಾಂಕನ್ನು ಪ್ಯಾನೆಲಿನಿಂದ ಬೇರೆ ಇಡಬೇಕು ಎಂಬ ಸರಳ ವಿಷಯ ಹೊಳೆಯಲು ಕೂಡ ಸಮಯ ಹಿಡಿಯಿತು. ಅಮೆರಿಕದ ಬಾಲ್ಟಿಮೋರ್ ನಗರದ ಕ್ಲಾರೆನ್ಸ್ ಕೆಂಪ್ 1891ರಲ್ಲಿ ‘ಕ್ಲೈಮ್ಯಾಕ್ಸ್’ ಎಂಬ ಸೌರ ಹೀಟರಿಗೆ ಪೇಟೆಂಟ್ ಪಡೆದರು. ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ಕಪ್ಪು ಬಳಿದ ನೀರಿನ ಟ್ಯಾಂಕುಗಳು, ಅಷ್ಟೇ. ಬಿಸಿಲಿಳಿಯುವ ಹೊತ್ತಿಗೆ ಬಿಸಿನೀರು ಸಿಗುತ್ತಿತ್ತು, ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಟ್ಯಾಂಕನ್ನು ಮನೆಯೊಳಗಿಟ್ಟು ಶಾಖ ಸೋರದ ಹೊದಿಕೆ ಸುತ್ತಿದರು, ಬಿಸಿಲಿಗೆ ತೆಳ್ಳನೆಯ ಪೈಪುಗಳ ಪೆಟ್ಟಿಗೆಯನ್ನಷ್ಟೇ ಒಡ್ಡಿದರು. ಹೆಸರು ‘ಡೇ ಅಂಡ್ ನೈಟ್’. 1913ರ ಜನವರಿಯಲ್ಲಿ ಅಲ್ಲಿ ಅಪರೂಪದ ಹಿಮಗಾಳಿ ಬೀಸಿ ಪೈಪುಗಳು ಹೆಪ್ಪುಗಟ್ಟಿ ಒಡೆದವು. ಆಮೇಲೆ ಅವರು ಪ್ಯಾನೆಲಿನಲ್ಲಿ ನೀರಿನೊಂದಿಗೆ ಆಲ್ಕೊಹಾಲ್ ಬೆರೆಸಿ, ಅದರ ಶಾಖವನ್ನು ಟ್ಯಾಂಕಿನೊಳಗಿನ ಸುರುಳಿಯ ಮೂಲಕ ನೀರಿಗೆ ದಾಟಿಸಿದರು. ಇಂದು ಅಂಗಡಿಯಲ್ಲಿ ಸಿಗುವ ಹೀಟರಿನ ಮೂಲ ರೂಪ ಅಲ್ಲಿಗೆ ಸಿದ್ಧವಾಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಅಗ್ಗದ ನೈಸರ್ಗಿಕ ಅನಿಲ ಸಿಕ್ಕಿದ್ದರಿಂದ ಅಲ್ಲಿನ ವ್ಯಾಪಾರ ಬಿದ್ದುಹೋಯಿತು ಎಂಬುದು ಬೇರೆ ಮಾತು.

ಹಿಮ ಬೀಳುವ ನಾಡಿನಲ್ಲಿ ಕೈಯಾರೆ ಪ್ಯಾನೆಲ್ ಕಟ್ಟುವುದು ಬೇರೆಯದೇ ಸಾಹಸ. ಅದನ್ನು ಊರೊಟ್ಟಿನ ಕೆಲಸವಾಗಿ ಮಾಡಿದವರು ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದವರು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು ಅಲ್ಲಿಗೂ ತಟ್ಟಿತ್ತು. 1978ರ ನವೆಂಬರಿನಲ್ಲಿ ಆ ದೇಶದ ಜನ, ಕಟ್ಟಿ ಮುಗಿದಿದ್ದ ಸ್ವೆಂಟೆನ್‌ಡೋರ್ಫ್ ಅಣುಸ್ಥಾವರವನ್ನು ಚಾಲೂ ಮಾಡಬಾರದು ಎಂದು ಮತ ಹಾಕಿದ್ದರು. ಬೇಡ ಎಂದವರು ಶೇಕಡ 50.5ರಷ್ಟು, ಕೂದಲೆಳೆಯ ಅಂತರ. ಹಾಗಾದರೆ ಬೇಕಾದ್ದು ಏನು? 1983ರಲ್ಲಿ ಗ್ಲೈಸ್‌ಡೋರ್ಫ್ ಎಂಬ ಸಣ್ಣ ಪಟ್ಟಣದ ಸುತ್ತಮುತ್ತ ಒಂದು ಗುಂಪು ಒಟ್ಟು ಸೇರಿ ಪ್ಯಾನೆಲ್ ಕಟ್ಟಿತು.

ವಿಧಾನ ನಮ್ಮ ಹಳ್ಳಿಯವರಿಗೆ ವಿವರಿಸಬೇಕಾಗಿಲ್ಲ, ಮುಯ್ಯಾಳು ಪದ್ಧತಿಯೇ. ಹಲವು ಮನೆಯವರು ಸೇರಿ ತಾಮ್ರದ ಪೈಪು, ತಗಡು, ಗಾಜು, ಹೊದಿಕೆಯ ಸಾಮಾನನ್ನು ಸಗಟಿನಲ್ಲಿ ತರಿಸುವುದು. ತಗಡು ಮಡಿಸುವ, ಪೈಪು ಬಗ್ಗಿಸುವ ಉಪಕರಣಗಳನ್ನು ಹಂಚಿಕೊಳ್ಳುವುದು. ಬಿಡುವಿನ ದಿನಗಳಲ್ಲಿ ಎಲ್ಲರ ಪ್ಯಾನೆಲನ್ನೂ ಎಲ್ಲರೂ ಕೂಡಿ ಕಟ್ಟುವುದು. ಒಂದು ಗುಂಪಿನಲ್ಲಿ ಕಲಿತವರು ಪಕ್ಕದೂರಿನ ಗುಂಪಿಗೆ ಹೋಗಿ ಕಲಿಸುತ್ತಿದ್ದರು. 1988ರಲ್ಲಿ ಈ ಗುಂಪುಗಳೆಲ್ಲ ಸೇರಿ ಒಂದು ಸಂಘವಾದವು. ಅದರಿಂದ ಬೆಳೆದ ‘ಎಇಇ ಇಂಟೆಕ್’ ಎಂಬ ಸಂಶೋಧನಾ ಸಂಸ್ಥೆ ಈಗಲೂ ಗ್ಲೈಸ್‌ಡೋರ್ಫ್‌ನಲ್ಲೇ ಇದೆ. ಮೆಡಿಟರೇನಿಯನ್ ಬಿಸಿಲಿನ ಸೈಪ್ರಸ್, ಗ್ರೀಸ್ ದೇಶಗಳ ಜೊತೆಗೆ, ಹಿಮದ ಆಸ್ಟ್ರಿಯಾವೂ ತಲಾವಾರು ಸೌರ ಪ್ಯಾನೆಲಿನ ಲೆಕ್ಕದಲ್ಲಿ ಯುರೋಪಿನ ಮೊದಲ ಸಾಲಿನಲ್ಲಿ ಕಾಣಿಸಿಕೊಂಡದ್ದರಲ್ಲಿ ಈ ಗುಂಪುಗಳ ಪಾಲು ದೊಡ್ಡದು. ಈ ಕೆಲಸ ಅಲ್ಲಿಗೇ ನಿಲ್ಲಲಿಲ್ಲ. 2009ರಿಂದ ಎಇಇ ಇಂಟೆಕ್ ‘ಸೋಲ್‌ಟ್ರೇನ್’ ಹೆಸರಿನಲ್ಲಿ ದಕ್ಷಿಣ ಆಫ್ರಿಕಾ, ನಮೀಬಿಯಾ, ಮೊಜಾಂಬಿಕ್, ಜಿಂಬಾಬ್ವೆಗಳ ತಂತ್ರಜ್ಞರಿಗೆ ತರಬೇತಿ ಕೊಡುತ್ತ ಬಂದಿದೆ.

ಗುಂಪಿನಲ್ಲಿ ಕಟ್ಟುವುದರ ಲಾಭ ಬರೀ ಹಣದ್ದಲ್ಲ. ಲೋಹದ ಪ್ಯಾನೆಲ್ ಕೆಡುವುದು ಕಣ್ಣಿಗೆ ಬೀಳದ ಜಾಗಗಳಲ್ಲಿ, ಮತ್ತು ಅದನ್ನು ಪತ್ತೆಹಚ್ಚಲು ಪಳಗಿದ ಒಂದು ಜೊತೆ ಕಣ್ಣು ಬೇಕು. ಒಬ್ಬರೇ ಕಟ್ಟುವವರು ಸಾಮಾನ್ಯವಾಗಿ ಎಡವುವುದು ಪೈಪು ಮತ್ತು ತಗಡು ಸೇರುವಲ್ಲಿ. ಕಪ್ಪು ತಗಡಿನ ಮೇಲೆ ಪೈಪನ್ನಿಟ್ಟು ತಂತಿಯಿಂದ ಬಿಗಿದರೆ ಎರಡೂ ತಾಗಿಕೊಂಡಿವೆ ಎನಿಸುತ್ತದೆ. ನಿಜಕ್ಕೂ ತಾಗಿರುವುದು ಒಂದು ಗೆರೆಯಷ್ಟು ಮಾತ್ರ, ಉಳಿದ ಕಡೆ ಕೂದಲಿನಷ್ಟು ತೆಳುವಾದ ಗಾಳಿಯ ಪದರ. ತಾಮ್ರ ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖ ದಾಟಿಸುತ್ತದೆ. ಆ ಕೂದಲಿನಷ್ಟು ಗಾಳಿ ಇದ್ದರೂ ತಗಡು ಸುಡುತ್ತಿರುತ್ತದೆ, ಪೈಪಿನೊಳಗಿನ ನೀರು ಉಗುರುಬೆಚ್ಚಗಿರುತ್ತದೆ. ಬೆಸುಗೆ ಹಾಕಬೇಕು, ಇಲ್ಲವೇ ತಗಡಿಗೆ ಅರ್ಧವೃತ್ತದ ಕಾಲುವೆ ಒತ್ತಿ ಪೈಪನ್ನು ಅದರೊಳಗೆ ಬಿಗಿಯಾಗಿ ಕೂರಿಸಬೇಕು. ಹತ್ತು ಹನ್ನೆರಡು ಸೆಂಟಿಮೀಟರಿಗೆ ಒಂದರಂತೆ ಪೈಪು ಇರಬೇಕು. ಎರಡು ಪೈಪುಗಳ ನಡುವೆ ಅಂತರ ಹೆಚ್ಚಿದರೆ ನಡುವಿನ ಶಾಖ ಪೈಪು ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತದೆ.

ಪೆಟ್ಟಿಗೆಯ ಹೊದಿಕೆಯದು ಇನ್ನೊಂದು ಕಥೆ. ಅಗ್ಗಕ್ಕೆ ಸಿಗುವ ಥರ್ಮಾಕೋಲ್ ಕೈಗೆ ಮೊದಲು ಬರುತ್ತದೆ. ಬಾಟಲಿ ಪ್ಯಾನೆಲಿನ ಟ್ಯಾಂಕಿಗೆ ಅದನ್ನು ಸುತ್ತಿದರೆ ಏನೂ ತೊಂದರೆಯಿಲ್ಲ, ಅಲ್ಲಿ ನೀರು 50ರ ಆಸುಪಾಸು. ಗಾಜು ಹಾಕಿದ ಲೋಹದ ಪ್ಯಾನೆಲಿನಲ್ಲಿ, ಮನೆಯವರೆಲ್ಲ ಊರಿಗೆ ಹೋದ ದಿನ, ನೀರು ಖಾಲಿಯಾಗಿ ಬಿಸಿಲು ಮಾತ್ರ ಬೀಳುತ್ತಿದ್ದರೆ ಒಳಗಿನ ಉಷ್ಣತೆ 150 ಡಿಗ್ರಿ ಮುಟ್ಟಬಹುದು. ಥರ್ಮಾಕೋಲ್ 100 ಡಿಗ್ರಿಯ ಒಳಗೇ ಕುಗ್ಗಲು ಶುರು. ಊರಿನಿಂದ ಬಂದು ನೋಡಿದರೆ ತಗಡಿನ ಹಿಂದೆ ಹೊದಿಕೆಯ ಬದಲು ಮುರುಟಿದ ಮುದ್ದೆ. ಕಡಿಮೆ ದರ್ಜೆಯ ಪೇಂಟಾದರೆ ಅದರ ಆವಿ ಗಾಜಿನ ಒಳಮೈಗೆ ಮಬ್ಬು ಹಿಡಿಸುತ್ತದೆ. ಗ್ಲಾಸ್ ವುಲ್ ಅಥವಾ ರಾಕ್ ವುಲ್ ಹಾಕುವುದೇ ಸರಿ. ಮೈಗೆ ಚುಚ್ಚುತ್ತದೆ ಎಂದು ಗೊಣಗುತ್ತಲೇ ಹಾಕಬೇಕು.

ಗಾಜನ್ನು ಆರಿಸುವಾಗ ಅದರ ಅಂಚನ್ನು ನೋಡಬೇಕು. ಕಿಟಕಿಯ ಸಾಧಾರಣ ಗಾಜಿನ ಅಂಚು ಕಡುಹಸಿರಾಗಿ ಕಾಣುತ್ತದೆ. ಆ ಹಸಿರು ಕಬ್ಬಿಣದ ಅಂಶದ್ದು, ಅದು ಬಿಸಿಲಿನ ಒಂದು ಪಾಲನ್ನು ತಾನೇ ನುಂಗುತ್ತದೆ. ಸೌರ ಪ್ಯಾನೆಲಿಗೆಂದೇ ಮಾಡಿದ, ಕಬ್ಬಿಣದ ಅಂಶ ಕಡಿಮೆಯಿರುವ ಗಾಜಿನ ಅಂಚು ಹೆಚ್ಚುಕಡಿಮೆ ಬಿಳಿ.

ಇನ್ನೊಂದು ವಿಷಯವನ್ನು ಕಡೆಗಣಿಸುವಂತೆಯೇ ಇಲ್ಲ. ಟ್ಯಾಂಕಿನ ತಲೆಯಿಂದ ಮೇಲಕ್ಕೆ ಒಂದು ಬಾಯಿ ತೆರೆದ ವೆಂಟ್ ಪೈಪು ಇರಲೇಬೇಕು, ಅದಕ್ಕೆ ಎಂದೂ ಮುಚ್ಚಳ ಹಾಕಬಾರದು. ಕಾದಾಗ ನೀರು ಹಿಗ್ಗುತ್ತದೆ. ಹಿಗ್ಗಲು ದಾರಿಯಿಲ್ಲದ ಟ್ಯಾಂಕ್ ಸೀಳುತ್ತದೆ. ಹಾಗೆಯೇ, ಹಳೆಯ ಜಿಐ ಟ್ಯಾಂಕಿಗೆ ತಾಮ್ರದ ಪ್ಯಾನೆಲ್ ಜೋಡಿಸಿದರೆ, ನೀರಿನಲ್ಲಿ ಕರಗಿ ಬಂದ ತಾಮ್ರದ ಸೂಕ್ಷ್ಮಾಂಶವೇ ಟ್ಯಾಂಕಿನ ಸತುವಿನ ಲೇಪವನ್ನು ಕೊರೆದು ತೂತು ಮಾಡುತ್ತದೆ. ಅಲಾನೊ ಅವರ ಪ್ಲಾಸ್ಟಿಕ್ ಹೀಟರಿಗೆ ಈ ಕಾಟವಿಲ್ಲ. ಅದರ ಕೊರತೆ ಬೇರೆ: ಬಿಸಿಲಿಗೆ ಬಾಟಲಿಗಳು ಕೆಲವು ವರ್ಷಗಳಲ್ಲಿ ಮಂಕಾಗುತ್ತವೆ, ಆಗ ಬದಲಿಸಬೇಕು. ಉಗುರುಬೆಚ್ಚಗಿನ ನೀರು ದಿನಗಟ್ಟಲೆ ನಿಂತರೆ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾಕ್ಕೆ ಹಿತವಾಗುತ್ತದೆ, ಆದ್ದರಿಂದ ಪ್ರತಿದಿನ ಬಳಸಿ ಖಾಲಿಮಾಡಬೇಕು. ಅಲಾನೊ ಈ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು ಹಣ ಮಾಡಲಿಕ್ಕಲ್ಲ, ಬೇರೆ ಯಾರೂ ಅದನ್ನು ಮಾರಾಟದ ಸರಕು ಮಾಡಿಕೊಳ್ಳದಿರಲಿ ಎಂದು. ಕಟ್ಟುವ ಕೈಪಿಡಿಯನ್ನು ಉಚಿತವಾಗಿ ಹಂಚಿದರು. 2004ರಲ್ಲಿ ಬ್ರೆಜಿಲ್‌ನ ವಿಜ್ಞಾನ ಪತ್ರಿಕೆಯೊಂದರ ಪರಿಸರ ಪ್ರಶಸ್ತಿ ಅವರಿಗೆ ಬಂತು. ರಾಜ್ಯದ ವಿದ್ಯುತ್ ಕಂಪನಿಯೂ ಅವರ ಹೀಟರನ್ನು ಪ್ರಚಾರ ಮಾಡಿತು. ಗಿರಾಕಿ ವಿದ್ಯುತ್ ಕಡಿಮೆ ಬಳಸಲಿ ಎಂದು ವಿದ್ಯುತ್ ಮಾರುವ ಕಂಪನಿಯೇ ಮುಂದೆ ಬರುವುದು ಅಪರೂಪ. ಸಂಜೆಯ ಶವರಿನ ಹೊರೆ ಅದಕ್ಕೆ ಅಷ್ಟು ಬಿಸಿ ಮುಟ್ಟಿಸಿತ್ತು.

ಇಂಥ ಪ್ಯಾನೆಲನ್ನು ಕರ್ನಾಟಕದಲ್ಲಿ ಕಟ್ಟುವವರು ಬ್ರೆಜಿಲ್‌ನ ಕೈಪಿಡಿಯಲ್ಲಿ ಮೊದಲು ತಿದ್ದಿಕೊಳ್ಳಬೇಕಾದ್ದು ದಿಕ್ಕನ್ನು. ಭೂಮಧ್ಯರೇಖೆಯ ಆಚೆಗಿರುವ ತುಬರಾಂವ್‌ನಲ್ಲಿ ಪ್ಯಾನೆಲ್ ಉತ್ತರಕ್ಕೆ ಮುಖ ಮಾಡುತ್ತದೆ, ನಮ್ಮಲ್ಲಿ ದಕ್ಷಿಣಕ್ಕೆ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಚಳಿಗಾಲದ ಓರೆ ಬಿಸಿಲು ಚೆನ್ನಾಗಿ ಸಿಗಲೆಂದು ಅದಕ್ಕೆ ಇನ್ನೂ ಹತ್ತು ಹದಿನೈದು ಡಿಗ್ರಿ ಸೇರಿಸಿ, 25ರ ಆಸುಪಾಸಿನ ಓರೆಯಲ್ಲಿ ನಿಲ್ಲಿಸಿದರಾಯಿತು. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ಹೀಟರ್ ಎಷ್ಟು ಸಾಮಾನ್ಯವೆಂದರೆ ಯಾರೂ ಅದನ್ನು ತಲೆಯೆತ್ತಿ ನೋಡುವುದಿಲ್ಲ. ಅಲ್ಲಿನ ದೊಡ್ಡ ಶತ್ರು ಮೋಡವಲ್ಲ, ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಂತೆ ಒಡೆದು ಸುಣ್ಣದ ಪದರವಾಗಿ ಪೈಪಿನೊಳಗೆ ಕೂರುತ್ತದೆ. ಅರ್ಧ ಇಂಚಿನ ತಾಮ್ರದ ಪೈಪಿನಲ್ಲಿ ಕೆಲವು ವರ್ಷಗಳಲ್ಲಿ ಪೆನ್ಸಿಲ್ ತೂರುವಷ್ಟೂ ಜಾಗ ಉಳಿಯದಿರುವುದುಂಟು. 7 ಮಿಲಿಮೀಟರಿನ ಒತ್ತಡದಿಂದ ಹರಿಯಬೇಕಾದ ನೀರಿಗೆ ಅದು ಗೋಡೆಯೇ ಸರಿ. ಈ ಸುಣ್ಣ ಕಟ್ಟುವಿಕೆ ಉಷ್ಣತೆ ಏರಿದಂತೆ ಚುರುಕಾಗುತ್ತದೆ. 45 ಡಿಗ್ರಿಗೆ ನಿಲ್ಲಿಸುವ ಪ್ಯಾನೆಲಿನಲ್ಲಿ ಅದು ನಿಧಾನ. ಅಲ್ಲೂ ಕಡಿಮೆ ಬಿಸಿಯದೇ ಮೇಲುಗೈ.

ಮಲೆನಾಡಿನ ಮಾತು ಬೇರೆ. ಬಿಸಿನೀರು ತೀರ ಬೇಕೆನಿಸುವ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಸೂರ್ಯನ ಮುಖ ಕಾಣುವುದಿಲ್ಲ. ಬಚ್ಚಲ ಹಂಡೆಯ ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಗರಿ, ಸೌದೆ ಹಾಕುವವರಿಗೆ ಸೋಲಾರ್ ಪ್ಯಾನೆಲ್ ಮಾರಲು ಬರುವವರು ಈ ಮಾತನ್ನು ತೇಲಿಸಿಬಿಡುತ್ತಾರೆ. ಆದರೆ ಹಂಡೆಗೂ ಬಾಟಲಿ ಪ್ಯಾನೆಲಿಗೂ ಹೊಂದಾಣಿಕೆ ಸಾಧ್ಯ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ಸುಮಾರು 10.5 ಮೆಗಾಜೂಲ್ ಶಾಖ ಬೇಕು. ಒಂದು ಕಿಲೊ ಒಣ ಸೌದೆಯಲ್ಲಿ ಇರುವುದು ಸುಮಾರು 15 ಮೆಗಾಜೂಲ್. ಒಲೆ ಅದರಲ್ಲಿ ಐದನೆಯ ಒಂದು ಪಾಲನ್ನು ಮಾತ್ರ ನೀರಿಗೆ ಮುಟ್ಟಿಸುತ್ತದೆ ಎಂದು ಹಿಡಿದರೆ ದಿನಕ್ಕೆ ಮೂರೂವರೆ ಕಿಲೊ ಸೌದೆ ಬೇಕು. ಅಕ್ಟೋಬರ್ ಕಳೆದು ಬಿಸಿಲು ಬಂದ ಮೇಲೆ, ಅಷ್ಟೇನೂ ಚೆನ್ನಾಗಿ ಕಟ್ಟದ ಪ್ಯಾನೆಲ್ ಕೂಡ ಆ ನೀರನ್ನು 33 ಡಿಗ್ರಿಗೆ ತಂದುಕೊಟ್ಟರೆ ಸೌದೆಯ ಲೆಕ್ಕ ಒಂದು ಕಿಲೊ ಏಳುನೂರು ಗ್ರಾಮಿಗೆ ಇಳಿಯುತ್ತದೆ. ಪೂರ್ತಿ ಬಿಸಿಲಿನ ದಿನ ಒಲೆ ಹಚ್ಚುವುದೇ ಬೇಕಾಗದು. ಹಂಡೆಗೆ ಪೈಪು ಜೋಡಿಸುವ ತಾಪತ್ರಯವೂ ಇಲ್ಲ; ಮಾಡಿನ ಟ್ಯಾಂಕಿನಿಂದ ಇಳಿಸಿದ ನಲ್ಲಿಯನ್ನು ತಿರುಗಿಸಿ ಹಂಡೆಗೆ ತುಂಬಿಸಿಕೊಂಡು, ಬೆರಳದ್ದಿ ನೋಡಿ, ಇನ್ನೆಷ್ಟು ಸೌದೆ ಬೇಕೆಂದು ತೀರ್ಮಾನಿಸಿದರಾಯಿತು.